ಒಂದೇ ಕರೆಯಲ್ಲಿ ಎರಡು ಎಂಜಿನ್: ಎನ್‌ಎಚ್‌ಆರ್‌ಎ ನಿಯಮ ಬರೆಯುವವರಿಗೆ ಬಹಿರಂಗ ಪತ್ರ

ಅಮೆರಿಕದಲ್ಲಿ ಡ್ರ್ಯಾಗ್ ರೇಸ್, ಅಂದರೆ ಎರಡೆರಡು ಕಾರುಗಳ ನೇರ ಓಟ, ನಡೆಸುವ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನಿನ (ಎನ್‌ಎಚ್‌ಆರ್‌ಎ) ತಾಂತ್ರಿಕ ವಿಭಾಗದವರಿಗೆ, ಜತೆಗೆ ಡ್ರ್ಯಾಗ್ ರೇಸ್ ನೋಡಲು ಬರುವ ನನ್ನ ಕನ್ನಡದ ಗೆಳೆಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಇಂಡಿಯಾನಾದ ಒಂದು ಸಣ್ಣ ಮಶೀನ್ ಶಾಪಿನಲ್ಲಿ ಕೆಲಸ ಮಾಡುವವನು. ಊರು ಮೂಡುಬಿದಿರೆ ಕಡೆ. ರಜೆ ಸಿಕ್ಕಾಗಲೆಲ್ಲ ಒಂದು ಮನೆಮಂದಿಯ ರೇಸ್ ತಂಡದ ಜತೆ, ಕಾರು ಬಿಚ್ಚಿ ಕಟ್ಟುವ ಪಿಟ್‌ನಲ್ಲಿ ದುಡಿಯುತ್ತೇನೆ. ಸಂಬಳ ಇಲ್ಲ, ಊಟ ಅವರದ್ದು. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆಯಾಗಿ ಕಳಿಸುತ್ತೇನೆ. ಮೊದಲು ಕನ್ನಡದಲ್ಲೇ ಬರೆದೆ, ಯಾಕೆಂದರೆ ಈ ವಿಷಯ ನನ್ನ ತಲೆಯಲ್ಲಿ ಓಡೋದು ಇದೇ ಭಾಷೆಯಲ್ಲಿ. ಇನ್ನೊಂದು ಕಾರಣ ಗೆಳೆಯರು. ಪ್ರತಿ ವರ್ಷ ಲೇಬರ್ ಡೇ ಹೊತ್ತಿಗೆ ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್‌ಗೆ ನನ್ನ ಜತೆ ಬರುವವರು ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಎರಡೂ ಕಾರು ಒಂದೇ ಕ್ಲಾಸ್ ಅಂತೀಯಲ್ಲ, ಮತ್ತೆ ಸದ್ದು ಯಾಕೆ ಬೇರೆ ಬೇರೆ?"

ಅವರು ಕೇಳೋದು ಟಾಪ್ ಆಲ್ಕೊಹಾಲ್ ಡ್ರ್ಯಾಗ್‌ಸ್ಟರ್ ಬಗ್ಗೆ. ಹೆಸರಲ್ಲಿ ಆಲ್ಕೊಹಾಲ್ ಇದೆ, ಆದರೆ ಆ ಕ್ಲಾಸಿನ ಅರ್ಧ ಕಥೆ ನೈಟ್ರೋದ್ದು, ಅಂದರೆ ನೈಟ್ರೋಮೀಥೇನ್ ಎಂಬ ಇಂಧನದ್ದು. ಒಂದು ಕಾರು ಮೆಥನಾಲ್ ಎಂಬ ಆಲ್ಕೊಹಾಲ್ ಕುಡಿಯುತ್ತದೆ. ಅದರ ಎಂಜಿನ್ ತಲೆ ಮೇಲೆ ಗಾಳಿ ತುರುಕುವ ಬ್ಲೋವರ್ ಕೂತಿರುತ್ತದೆ, ಹಿಂದೆ ಗೇರ್ ಬಾಕ್ಸ್ ಇರುತ್ತದೆ. ಪಕ್ಕದ ಲೇನಿನ ಕಾರಿಗೆ ಬ್ಲೋವರ್ ಇಲ್ಲ, ಗೇರ್ ಬದಲಿಸುವ ಕೆಲಸವೂ ಇಲ್ಲ. ಅದು ನೈಟ್ರೋಮೀಥೇನ್ ಕುಡಿಯುತ್ತದೆ. ಎಲ್ಲಕ್ಕಿಂತ ವೇಗದ ನೈಟ್ರೋ ಕ್ಲಾಸಾದ ಟಾಪ್ ಫ್ಯೂಯಲ್ ಕಾರಿನ ಹಾಗೆ ಕ್ಲಚ್ ಅನ್ನೇ ಅಳತೆ ಇಟ್ಟು ಜಾರಿಸುತ್ತಾ ಹೋಗುತ್ತದೆ. ಇದಕ್ಕೆ ಎ/ಫ್ಯೂಯಲ್ ಎನ್ನುತ್ತಾರೆ. ಮೆಥನಾಲ್ ಕಾರು ಕಿರುಚುತ್ತದೆ. ನೈಟ್ರೋ ಕಾರು ಎದೆಗೆ ಗುದ್ದುತ್ತದೆ. ಇಬ್ಬರೂ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಐದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ. ಕೊನೆಯಲ್ಲಿ ಇಬ್ಬರ ನಡುವೆ ಎಷ್ಟೋ ಸಲ ಒಂದು ಚಕ್ರದ ಅಂತರವೂ ಇರುವುದಿಲ್ಲ.

ನಮ್ಮ ಕರಾವಳಿಯವರಿಗೆ ಜೋಡುಕರೆ ಕಂಬಳ ಗೊತ್ತು. ಅಕ್ಕಪಕ್ಕ ಎರಡು ಕರೆ, ಅಂದರೆ ಕೆಸರಿನ ಓಟದ ದಾರಿ, ಎರಡು ಜೋಡಿ ಕೋಣ, ಮಂಜೊಟ್ಟಿ ಅನ್ನುವ ಗುರಿಯ ಕಡೆಗೆ ಓಟ. ಅಲ್ಲಿ ಹಗ್ಗದ ಕೋಣಗಳೇ ಬೇರೆ, ನೇಗಿಲಿನ ಕೋಣಗಳೇ ಬೇರೆ, ಅದರಲ್ಲೂ ಹಿರಿಯ, ಕಿರಿಯ ಅಂತ ವಿಂಗಡಣೆ. ಸಮಕ್ಕೆ ಸಮ ಓಡಲಿ ಅಂತ ನಮ್ಮ ಹಿರಿಯರು ಬೇರೆ ಬೇರೆ ಮಾಡಿದರು. ನೀವು ಈ ಕ್ಲಾಸಿನಲ್ಲಿ ಅದರ ಉಲ್ಟಾ ಮಾಡಿದ್ದೀರಿ. ಎರಡು ಬೇರೆ ಬೇರೆ ಬುದ್ಧಿಯ ಎಂಜಿನ್‌ಗಳನ್ನು ಒಂದೇ ಕರೆಗೆ ಇಳಿಸಿ, ನಿಯಮದಿಂದ ಸಮ ಮಾಡುತ್ತೀರಿ. ಇದು ಬಹಳ ಕಷ್ಟದ ಕೆಲಸ, ನನಗೆ ಗೊತ್ತು. ಆದರೆ ನಿಮ್ಮ ಸಂಸ್ಥೆಯ ಅತಿ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ನಂಬುತ್ತೇನೆ. ಅದಕ್ಕೇ ಅದರ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿದ್ದೇನೆ.

ನನ್ನ ಕೋರಿಕೆ ಇಷ್ಟು: ಈ ಎರಡು ಎಂಜಿನ್‌ಗಳನ್ನು ಸಮ ಮಾಡಲು ತೂಕವನ್ನು ಬಳಸಿ. ಇಂಧನದಲ್ಲಿರುವ ನೈಟ್ರೋ ಶೇಕಡಾವಾರು ಪ್ರಮಾಣವನ್ನು ಮುಟ್ಟುವುದು ಕೊನೆಯ ದಾರಿಯಾಗಿರಲಿ. ಮತ್ತೆ, ಯಾವ ಅಂಕಿ ನೋಡಿ ಬದಲಾವಣೆ ಮಾಡಿದಿರಿ ಅನ್ನೋದನ್ನು ಎಲ್ಲರಿಗೂ ತೋರಿಸಿ.

ಯಾಕೆ ಅಂತ ಹೇಳಬೇಕಾದರೆ ಮೊದಲು ಆ ದ್ರವದ ಬಗ್ಗೆ ಹೇಳಬೇಕು.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಮೆಥನಾಲ್‌ಗೆ ಸುಮಾರು 6.5 ಕಿಲೋ. ನೈಟ್ರೋಮೀಥೇನ್‌ಗೆ 1.7 ಕಿಲೋ ಸಾಕು. ಅದರ ಅಣುವಿನೊಳಗೇ ಆಮ್ಲಜನಕ ಇದೆ. ಬುತ್ತಿ ಕಟ್ಟಿಕೊಂಡೇ ಹೊರಟ ಹಾಗೆ. ಕಿಲೋಗೆ ಕಿಲೋ ಹೋಲಿಸಿದರೆ ನೈಟ್ರೋ ಕೊಡುವ ಶಾಖ ಪೆಟ್ರೋಲಿನ ಕಾಲು ಭಾಗ ಅಷ್ಟೇ. ಆದರೆ ಸಿಲಿಂಡರಿಗೆ ಬಂದ ಅಷ್ಟೇ ಗಾಳಿಗೆ ಎಂಟು ಪಾಲಿಗೂ ಹೆಚ್ಚು ನೈಟ್ರೋ ಸುರಿಯಬಹುದು. ಲೆಕ್ಕ ಹಾಕಿದರೆ ಅದೇ ಗಾಳಿಯಲ್ಲಿ ಎರಡು ಪಟ್ಟಿಗೂ ಜಾಸ್ತಿ ಶಕ್ತಿ. ಬ್ಲೋವರ್ ಇಲ್ಲದ ಎ/ಫ್ಯೂಯಲ್ ಎಂಜಿನ್, ಬ್ಲೋವರ್ ಇರುವ ಮೆಥನಾಲ್ ಎಂಜಿನ್ ಪಕ್ಕ ಧೈರ್ಯವಾಗಿ ನಿಲ್ಲುವುದು ಈ ಲೆಕ್ಕದಿಂದಲೇ.

ನೈಟ್ರೋ ನಿಧಾನ ಉರಿಯುತ್ತದೆ. ಪೈಪಿನಿಂದ ಹೊರಗೆ ಬಂದ ಮೇಲೂ ಉರಿಯುತ್ತಿರುತ್ತದೆ. ರಾತ್ರಿ ಓಟದಲ್ಲಿ ಕಾಣುವ ಹಳದಿ ಜ್ವಾಲೆ ಅದೇ. ಅಷ್ಟು ದ್ರವ ಒಳಗಿರುವಾಗ ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ, ಮುಂದಿನ ಸುತ್ತಿಗೆ ಪಿಸ್ಟನ್ ಮೇಲೆ ಹಿಂಡಲಾಗದ ದ್ರವ ನಿಂತಿರುತ್ತದೆ. ಆಗ ಹೆಡ್ ಏಳುತ್ತದೆ, ಇಲ್ಲವೇ ರಾಡ್ ಮುರಿಯುತ್ತದೆ. ಹೀಗಾಗಿ ಪ್ರಮಾಣ ಇಳಿಸಿದರೆ ಶಕ್ತಿಯೂ ಅಷ್ಟೇ ಇಳಿಯುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ ಅಂದುಕೊಂಡರೆ ತಪ್ಪು. ಒಂದು ಕಡೆ ಇಳಿಸಿದರೆ ಎಂಜಿನ್ ಹದಗೊಳಿಸುವ ಟ್ಯೂನರ್ ಇನ್ನೊಂದು ಕಡೆ ಏರಿಸುತ್ತಾನೆ. ಕಂಪ್ರೆಷನ್ ಜಾಸ್ತಿ ಮಾಡುತ್ತಾನೆ. ಕಿಡಿ ಬೇಗ ಕೊಡುತ್ತಾನೆ. ಅವನ ಕೆಲಸವೇ ಅದು, ಅಲ್ವಾ?

ನಾವೇ ಒಂದು ಸಲ ಇದನ್ನು ಮಾಡಿ ಕೈ ಸುಟ್ಟುಕೊಂಡಿದ್ದೇವೆ. ಟೆಸ್ಟ್ ದಿನ ಅದು, ಸ್ಪರ್ಧೆ ಇರಲಿಲ್ಲ. ಮಿಶ್ರಣದಲ್ಲಿ ನೈಟ್ರೋ ಸ್ವಲ್ಪ ಕಡಿಮೆ ಮಾಡಿದರೆ ಹೇಗಿರುತ್ತೆ ನೋಡೋಣ ಅಂತ ನಮ್ಮ ಯಜಮಾನರು ತೀರ್ಮಾನಿಸಿದರು. ಡ್ರಮ್ಮಿನಿಂದ ಗಾಜಿನ ಜಾಡಿಗೆ ಸುರಿದು, ಹೈಡ್ರೋಮೀಟರ್ ಬಿಟ್ಟು, ಥರ್ಮಾಮೀಟರ್ ಇಟ್ಟು, ಉಷ್ಣತೆಗೆ ಸರಿಯಾಗಿ ಪಟ್ಟಿ ನೋಡಿ ಅಳೆದದ್ದು ನಾನೇ. ಕಣ್ಣು ಉರಿಯುತ್ತಿತ್ತು. ಮೊದಲ ಓಟ ಮಂಕು. ಅವರು ಕಂಪ್ರೆಷನ್ ಏರಿಸಿದರು, ಕಿಡಿಯನ್ನು ಸ್ವಲ್ಪ ಮುಂದೆ ತಂದರು. ಎರಡನೇ ಓಟದಲ್ಲಿ ಕಾಲ ಸರಿಯಾಗೇ ಬಂತು. ಮೂರನೆಯದರಲ್ಲಿ ಅರ್ಧ ದಾರಿ ದಾಟುವಷ್ಟರಲ್ಲಿ ಬಿಳಿ ಹೊಗೆ, ಹಿಂದೆಯೇ ಎಣ್ಣೆ. ಟ್ರ್ಯಾಕ್ ಒರೆಸಲು ಬಹಳ ಹೊತ್ತು ಹಿಡಿಯಿತು.

ಆ ಸಂಜೆ ಎಂಜಿನ್ ಕೆಳಗಿನ ಎಣ್ಣೆಯ ಸಂಪ್ ಬಿಚ್ಚಿದಾಗ ಬೇರಿಂಗ್‌ಗಳನ್ನು ಒಂದೊಂದಾಗಿ ತೆಗೆದು, ಒರೆಸಿ, 1ರಿಂದ 8ರವರೆಗೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅದು ನನ್ನ ಪಾಲಿನ ಕೆಲಸ. ಚೆನ್ನಾಗಿ ಓಡಿದ ಬೇರಿಂಗ್ ಒಳಮೈ ಮಸುಕು ಬೂದು ಬಣ್ಣದಲ್ಲಿ ಒಂದೇ ಸಮ ಇರುತ್ತದೆ. ಪೆಟ್ಟು ತಿಂದದ್ದರಲ್ಲಿ ನಡುವೆ ಕನ್ನಡಿ ಹಾಗೆ ಹೊಳೆಯುವ ಒಂದು ಪಟ್ಟೆ, ಅಂಚಿನಲ್ಲಿ ಲೋಹ ಹಿಟ್ಟಿನ ಹಾಗೆ ಹರಡಿಕೊಂಡು ಹೊರಬಂದಿರುತ್ತದೆ. ಆವತ್ತು ಎಂಟರಲ್ಲಿ ಐದು ಹಾಗಿದ್ದವು. ಒಂದು ಪಿಸ್ಟನ್ನಿನ ಅಂಚು ಬೆಣ್ಣೆಯನ್ನು ಬಿಸಿ ಚಮಚದಿಂದ ತೆಗೆದ ಹಾಗೆ ಹೋಗಿತ್ತು. ಯಜಮಾನರ ಮಗಳು, ನಮ್ಮ ಡ್ರೈವರ್, ಆ ಪಿಸ್ಟನ್ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದಳು. ಶೇಕಡಾ ಲೆಕ್ಕದಲ್ಲಿ ನಾವು ಉಳಿಸಿದ ಇಂಧನದ ಬೆಲೆಗೂ ಬಟ್ಟೆಯ ಮೇಲಿದ್ದ ಸಾಮಾನಿನ ಬೆಲೆಗೂ ಸಂಬಂಧವೇ ಇರಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. ನಿಮ್ಮ ಇತಿಹಾಸದಲ್ಲೇ ಇದೆ. ಟಾಪ್ ಫ್ಯೂಯಲ್ ಮತ್ತು (ಮಾಮೂಲಿ ಕಾರಿನ ಹಾಗೆ ಕಾಣುವ ಬಾಡಿ ಹೊದ್ದ) ಫನ್ನಿ ಕಾರ್‌ಗಳ ನೈಟ್ರೋ ಪ್ರಮಾಣವನ್ನು ಒಮ್ಮೆ ಶೇಕಡಾ 85ಕ್ಕೆ ಇಳಿಸಿದಿರಿ. ವೇಗ ತಗ್ಗಲಿ ಅನ್ನೋದು ಉದ್ದೇಶ. ತಂಡಗಳು ಬೇರೆ ದಾರಿಯಲ್ಲಿ ಶಕ್ತಿಯನ್ನು ವಾಪಸ್ ತಂದವು. ಎಂಜಿನ್ ಜಾಸ್ತಿ ಒಡೆಯುತ್ತಿವೆ, ಟ್ರ್ಯಾಕ್ ಮೇಲೆ ಎಣ್ಣೆ ಚೆಲ್ಲುತ್ತಿದೆ, ಖರ್ಚು ಏರುತ್ತಿದೆ ಅಂತ ದೂರು ಬಂತು. 2008ರಲ್ಲಿ ಮತ್ತೆ 90ಕ್ಕೆ ಏರಿಸಿದಿರಿ. ತಪ್ಪು ತಿದ್ದಿಕೊಂಡದ್ದಕ್ಕೆ ನಾನು ನಿಮ್ಮನ್ನು ಗೌರವಿಸುತ್ತೇನೆ. ಆದರೆ ಆ ಪಾಠ ಬರೀ ದೊಡ್ಡ ಕ್ಲಾಸುಗಳಿಗೆ ಸೀಮಿತವಾಗಬಾರದು. ದೊಡ್ಡ ತಂಡಗಳಿಗೆ ಲಾರಿ ತುಂಬ ಬಿಡಿಭಾಗ ಇರುತ್ತದೆ. ಟಾಪ್ ಆಲ್ಕೊಹಾಲ್‌ನಲ್ಲಿ ಬಹಳಷ್ಟು ಮಂದಿ ಸೋಮವಾರ ಬೆಳಗ್ಗೆ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕಾದವರು.

ಅದೇ 2008ರಲ್ಲಿ ನೀವು ಮಾಡಿದ ಇನ್ನೊಂದು ಬದಲಾವಣೆ ನೋಡಿ. ಜೂನ್ 21ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಫನ್ನಿ ಕಾರ್ ಡ್ರೈವರ್ ಸ್ಕಾಟ್ ಕಲಿಟ್ಟಾ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ತಿಂಗಳೇ ಟಾಪ್ ಫ್ಯೂಯಲ್, ಫನ್ನಿ ಕಾರ್ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದಿರಿ. ಕಾಲು ಮೈಲಿ ಅನ್ನೋದು ಈ ಆಟದ ಜೀವ ಅಂದುಕೊಂಡಿದ್ದ ನಮ್ಮಂಥವರಿಗೆ ಕರುಳು ಚುರುಕ್ ಅಂದಿತ್ತು. ಆದರೂ ಒಪ್ಪಿಕೊಂಡೆವು. ಯಾಕೆ? ಎಲ್ಲರಿಗೂ ಒಂದೇ ಅಳತೆ. ನಿಲ್ಲಲು ಜಾಗ ಜಾಸ್ತಿ ಸಿಕ್ಕಿತು. ಯಾರ ಎಂಜಿನ್ ಒಳಗೂ ನೀವು ಕೈ ಹಾಕಲಿಲ್ಲ. ಈಗ ಆ ಕಾರುಗಳು 1,000 ಅಡಿಯಲ್ಲೇ ಗಂಟೆಗೆ 540 ಕಿಲೋಮೀಟರ್ ದಾಟುತ್ತಿವೆ. ಅಂದರೆ ಎಂಜಿನ್ ಕಟ್ಟುವವರ ಬುದ್ಧಿಯನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಅಪಾಯವನ್ನು ಮಾತ್ರ ಸ್ವಲ್ಪ ದೂರ ಇಡಲು ಆಯಿತು.

ಇನ್ನೂ ಹಿಂದಕ್ಕೆ ಹೋದರೆ 1957. ನಿಮ್ಮ ಟ್ರ್ಯಾಕ್‌ಗಳಲ್ಲಿ ನೈಟ್ರೋವನ್ನೇ ನಿಷೇಧಿಸಿದ ವರ್ಷ. ಪೆಟ್ರೋಲ್ ಮಾತ್ರ ಅಂದಿರಿ. ಏನಾಯಿತು? ನೈಟ್ರೋ ಓಡಿಸುವವರು ನಿಮ್ಮ ಬೇಲಿಯ ಆಚೆ ಓಡಿಸಿದರು. ಬೇಲಿಯ ಈಚೆ ಇದ್ದವರು ಒಂದು ಎಂಜಿನ್ ಸಾಲದು ಅಂತ ಎರಡು ಜೋಡಿಸಿದರು. ಟಾಮಿ ಐವೊ ಒಂದೇ ಕಾರಿಗೆ ನಾಲ್ಕು ಬ್ಯೂಕ್ ಎಂಜಿನ್ ಕೂರಿಸಿದರು! 1963ರಲ್ಲಿ ನಿಮ್ಮ ಸ್ಪರ್ಧೆಯಾದ ವಿಂಟರ್‌ನ್ಯಾಷನಲ್ಸ್‌ಗೆ ನೈಟ್ರೋ ವಾಪಸ್ ಬಂತು. ಆ ನಾಲ್ಕು ಎಂಜಿನ್ ಕಾರಿನ ಚಿತ್ರ ನಮ್ಮ ಶಾಪಿನ ಗೋಡೆಯ ಮೇಲೆ ಇದೆ. ನಾನು ಪ್ರತಿದಿನ ನೋಡುತ್ತೇನೆ.

ಈಗ ತೂಕದ ವಿಷಯ. ತೂಕದಲ್ಲಿ ಸಮ ಮಾಡುವುದು ಹೊಸದೇನಲ್ಲ. ಪ್ರೊ ಸ್ಟಾಕ್ ಮೋಟಾರ್‌ಸೈಕಲ್‌ನಲ್ಲಿ 160 ಘನ ಇಂಚಿನ, ಎರಡು ಸಿಲಿಂಡರಿನ ವಿ-ಟ್ವಿನ್ ಒಂದು ಕಡೆ, ಅದಕ್ಕಿಂತ ಬಹಳ ಸಣ್ಣ ನಾಲ್ಕು ಸಿಲಿಂಡರಿನ ಸುಜುಕಿ ಇನ್ನೊಂದು ಕಡೆ. ಅಲ್ಲಿ ನೀವು ವರ್ಷಗಳಿಂದ ಪೌಂಡ್ ಲೆಕ್ಕದಲ್ಲಿ ಏರಿಸಿ ಇಳಿಸಿ ಆಡಿಸುತ್ತಾ ಬಂದಿದ್ದೀರಿ. ಜಗಳ ಇದ್ದೇ ಇದೆ. ಆದರೆ ತೂಕ ಹೆಚ್ಚಿಸಿದ್ದಕ್ಕೆ ಯಾರ ಪಿಸ್ಟನ್ನೂ ಕರಗಲಿಲ್ಲ. ಒಂದು ಸೀಸದ ಗಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸಿದರೆ ಮುಗಿಯಿತು. ನಿಯಮ ತಪ್ಪಾಯಿತು ಅಂತ ಗೊತ್ತಾದರೆ ಮುಂದಿನ ಸ್ಪರ್ಧೆಗೆ ಬಿಚ್ಚಿದರಾಯಿತು. ಓಟ ಮುಗಿದ ಮೇಲೆ ತಕ್ಕಡಿ ಮೇಲೆ ನಿಲ್ಲಿಸಿದರೆ ಮೋಸಕ್ಕೂ ಜಾಗ ಇಲ್ಲ.

ತೂಕಕ್ಕೂ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಡ್ರ್ಯಾಗ್‌ಸ್ಟರ್ ಉದ್ದನೆಯ, ಬಳುಕುವ ಚೌಕಟ್ಟು. ತೂಕ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಮುಂದಿನ ಚಕ್ರ ಏಳುವುದು ಬಿಡುವುದು ನಿಂತಿದೆ. ಭಾರ ಜಾಸ್ತಿಯಾದಷ್ಟೂ ಪ್ಯಾರಾಚೂಟ್‌ಗೂ ಬ್ರೇಕಿಗೂ ಕೆಲಸ ಜಾಸ್ತಿ. ಅದಕ್ಕೇ ಒಂದು ಸಲಕ್ಕೆ ಹತ್ತು ಕಿಲೋ ಮೀರದಂತೆ, ಮೇಲೆ ಒಂದು ಗರಿಷ್ಠ ಮಿತಿ ಇಟ್ಟು ಮಾಡಿ. ಮಿತಿ ಮುಟ್ಟಿದ ಮೇಲೂ ಅಂತರ ಉಳಿದರೆ ಆಗ ಬ್ಲೋವರಿನ ವೇಗದ ಬಗ್ಗೆ, ನೈಟ್ರೋ ಪ್ರಮಾಣದ ಬಗ್ಗೆ ಮಾತಾಡೋಣ. ಅದೂ ಚಳಿಗಾಲದಲ್ಲಿ, ಎಂಜಿನ್ ಬಿಚ್ಚಿ ಮತ್ತೆ ಕಟ್ಟಲು ಎಲ್ಲರಿಗೂ ಸಮಯ ಇರುವಾಗ.

ಅಂತರ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಹೇಗೆ? ನನಗೆ ಅತಿ ಹೆಚ್ಚು ಚಿಂತೆ ಇರುವುದು ಇಲ್ಲೇ. ಟ್ರೋಫಿ ಎಣಿಸಿ ತೀರ್ಮಾನಿಸಬೇಡಿ. ಒಂದು ತಂಡ ಮೂರು ಕಾರು ತರುತ್ತದೆ, ಒಳ್ಳೆಯ ಟ್ಯೂನರ್ ಇದ್ದಾನೆ, ಡ್ರೈವರ್ ಓಟ ಶುರುಮಾಡುವ ದೀಪ ಹತ್ತುತ್ತಿದ್ದ ಹಾಗೇ ಹೊರಡುತ್ತಾಳೆ. ಅವರು ಗೆದ್ದರೆ ಅದು ಎಂಜಿನ್ನಿನ ಗೆಲುವು ಅಲ್ಲ. ಎಷ್ಟು ಸಲ ನಿಧಾನದ ಕಾರು ಬರೀ ಹೊರಟ ಚುರುಕಿನಿಂದ ಗೆದ್ದಿಲ್ಲ! ಆ ಗೆಲುವು ನೋಡಿ ಅದೇ ಇಂಧನದ ಎಲ್ಲರಿಗೂ ಶಿಕ್ಷೆ ಕೊಟ್ಟರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆ ಬೀಳೋದು ಹದಿನಾಲ್ಕನೇ ಸ್ಥಾನದಲ್ಲಿ ಅರ್ಹತೆ ಪಡೆಯುವ ನಮ್ಮಂಥ ಬಡ ತಂಡಕ್ಕೆ.

ಅಂಕಿ ನಿಮ್ಮ ಕೈಯಲ್ಲೇ ಇದೆ. ಪ್ರತಿ ಓಟಕ್ಕೂ 60 ಅಡಿ, 330 ಅಡಿ, 660 ಅಡಿ, 1,000 ಅಡಿಯ ಕಾಲ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ನಾನು ಬೇಲಿ ಹತ್ತಿರ ನಿಂತು ನೋಡುವಾಗ ಬಹಳ ಸಲ ಮೊದಲರ್ಧದಲ್ಲಿ ನೈಟ್ರೋ ಮುಂದಿರುತ್ತದೆ, ಕೊನೆಯಲ್ಲಿ ಮೆಥನಾಲ್ ಕಾರು ಕಿರುಚುತ್ತಾ ಹಿಡಿಯಲು ಬರುತ್ತದೆ. ಜನ ಎದ್ದು ನಿಲ್ಲುವುದು ಆ ಕ್ಷಣಕ್ಕೇ. ಬರೀ ಕೊನೆಯ ಕಾಲ ನೋಡಿದರೆ ಆ ಕಥೆ ಕಾಣುವುದಿಲ್ಲ. ಎರಡೂ ಬಗೆಯ ಕಾರುಗಳ ಒಳ್ಳೆಯ ಓಟಗಳ ಸರಾಸರಿಯನ್ನು ಹಂತ ಹಂತವಾಗಿ ಪಕ್ಕಪಕ್ಕ ಇಟ್ಟು ನೋಡಿ.

ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊಲರಾಡೋದ ಬ್ಯಾಂಡಿಮಿಯರ್ ಟ್ರ್ಯಾಕ್ 2023ರಲ್ಲಿ ಮುಚ್ಚಿತು. ಸಮುದ್ರಮಟ್ಟದಿಂದ ಸುಮಾರು 5,800 ಅಡಿ ಮೇಲಿದ್ದ ಜಾಗ ಅದು. ಅಲ್ಲಿ ಗಾಳಿ ತೆಳು, ಎಲ್ಲ ಎಂಜಿನ್ನೂ ಏದುಸಿರು ಬಿಡುತ್ತಿತ್ತು. ಆದರೆ ಎಲ್ಲಕ್ಕೂ ಒಂದೇ ಪೆಟ್ಟು ಬೀಳುತ್ತಿರಲಿಲ್ಲ. ಆಮ್ಲಜನಕದ ಬುತ್ತಿ ಕಟ್ಟಿಕೊಂಡು ಬಂದ ಇಂಧನದ ಲೆಕ್ಕ ಒಂದು, ಗಾಳಿಯನ್ನು ಬ್ಲೋವರಿನಿಂದ ತುರುಕುವ ಎಂಜಿನ್ನಿನ ಲೆಕ್ಕ ಇನ್ನೊಂದು. ಹಾಗಾಗಿ ಬೆಟ್ಟದ ಮೇಲೆ ಕಂಡ ಅಂತರ ಕರಾವಳಿಯ ಟ್ರ್ಯಾಕಿನಲ್ಲಿ ಹಾಗೇ ಇರುವುದಿಲ್ಲ. ಆಗಸ್ಟ್ ಬಿಸಿಲಿನ ಅಂತರ ಅಕ್ಟೋಬರ್ ಸಂಜೆಗೆ ಇರುವುದಿಲ್ಲ. ಎರಡು ಮೂರು ಸ್ಪರ್ಧೆ ನೋಡಿ ಪೆನ್ನು ಕೈಗೆತ್ತಿಕೊಳ್ಳಬೇಡಿ. ಒಂದು ಪೂರ್ತಿ ಸೀಸನ್ ಕಾಯಿರಿ.

ಹಾಗೆ ಮಾಡಿದ ಲೆಕ್ಕವನ್ನು ನಿಯಮದ ಜತೆಗೇ ಪ್ರಕಟಿಸಿ. ಎರಡು ಪುಟ ಸಾಕು. ಈಗ ನಿಯಮ ಬದಲಾದಾಗಲೆಲ್ಲ ಪಿಟ್‌ನಲ್ಲಿ ಗುಸುಗುಸು ಶುರುವಾಗುತ್ತದೆ: ಯಾರು ಯಾರಿಗೆ ಫೋನ್ ಮಾಡಿದರು, ಯಾರ ಪ್ರಾಯೋಜಕರು ದೊಡ್ಡವರು ಅಂತ. ಆ ಮಾತುಗಳಲ್ಲಿ ಹುರುಳಿಲ್ಲ ಅಂತಲೇ ನಾನು ನಂಬುತ್ತೇನೆ. ಆದರೆ ಅಂಕಿ ಎದುರಿಗಿದ್ದರೆ ಆ ಮಾತು ಹುಟ್ಟುವುದೇ ಇಲ್ಲ.

"ಇಷ್ಟೆಲ್ಲ ತಲೆನೋವು ಯಾಕೆ, ಒಂದೇ ಬಗೆಯ ಎಂಜಿನ್ ಅಂತ ಮಾಡಿಬಿಟ್ಟರೆ ಮುಗೀತಲ್ಲ" ಅನ್ನುವವರಿದ್ದಾರೆ. ನನ್ನ ಗೆಳೆಯರಲ್ಲೂ ಇದ್ದಾರೆ. ಅವರನ್ನು ನಾನು ಫನ್ನಿ ಕಾರ್ ಪಿಟ್‌ಗೆ ಕರೆದುಕೊಂಡು ಹೋಗುತ್ತೇನೆ. ಒಂದು ಶೆವರ್ಲೆ ಬಾಡಿ, ಒಂದು ಟೊಯೊಟಾ ಬಾಡಿ, ಒಂದು ಫೋರ್ಡ್ ಬಾಡಿ. ಬಾಡಿ ಎತ್ತಿದರೆ ಒಳಗಿರುವ ಎಂಜಿನ್ ಮಾತ್ರ ಒಂದೇ ಮನೆತನದ್ದು. 500 ಘನ ಇಂಚು, ಅಂದರೆ 8.2 ಲೀಟರ್. ಸಿಲಿಂಡರಿಗೆ ಎರಡೇ ವಾಲ್ವ್, ಪುಶ್‌ರಾಡ್, ಎರಡು ಪ್ಲಗ್. 1964ರಲ್ಲಿ ಬಂದ ಕ್ರೈಸ್ಲರ್ ಕಂಪನಿಯ 426 ಹೆಮಿ ಎಂಜಿನ್ನಿನ ಮೊಮ್ಮಕ್ಕಳು ಇವೆಲ್ಲ. ಅದ್ಭುತ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. 11,000 ಅಶ್ವಶಕ್ತಿ ಅಂದರೆ ತಮಾಷೆಯೇ? ಆದರೆ ಒಂದು ಕಾಲದಲ್ಲಿ ಇದೇ ಟ್ರ್ಯಾಕಿನಲ್ಲಿ ಕಾನಿ ಕಲಿಟ್ಟಾ, ಪೀಟ್ ರಾಬಿನ್ಸನ್ ಅವರು ಫೋರ್ಡಿನ ಓವರ್‌ಹೆಡ್ ಕ್ಯಾಮ್ 427 ಎಂಜಿನ್ ಓಡಿಸಿದ್ದರು. ಆಮೇಲೆ ಮಗೀ ಸೋದರರು ನಾಲ್ಕು ಕ್ಯಾಮ್‌ಶಾಫ್ಟಿನ ನೈಟ್ರೋ ಎಂಜಿನ್ನನ್ನೇ ಕಟ್ಟಿದರು. ಇಂದಿನ ಟಾಪ್ ಫ್ಯೂಯಲ್ ನಿಯಮದಲ್ಲಿ ಅಂಥದ್ದಕ್ಕೆ ಜಾಗ ಇಲ್ಲ. ಖರ್ಚಿನ ಕಾರಣಕ್ಕೆ ಆ ಬಾಗಿಲು ಮುಚ್ಚಿದ್ದು ಸರಿಯಿರಬಹುದು. ಆದರೆ ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ತೆರೆದದ್ದನ್ನು ನಾನು ನೋಡಿಲ್ಲ. ನೈಟ್ರೋ ಒಂದು ಲೇನಿನಲ್ಲಿ, ಬೇರೆಯದೇ ಯೋಚನೆ ಇನ್ನೊಂದು ಲೇನಿನಲ್ಲಿ, ಇಬ್ಬರಿಗೂ ಗೆಲ್ಲುವ ದಾರಿ. ಇದು ಉಳಿದಿರುವುದು ಟಾಪ್ ಆಲ್ಕೊಹಾಲ್ ಡ್ರ್ಯಾಗ್‌ಸ್ಟರ್‌ನಲ್ಲಿ.

ಅಲ್ಲಿಂದ ಎಂಥೆಂಥವರು ಮೇಲೆ ಹೋದರು ನೋಡಿ. ಬ್ಲೇನ್ ಜಾನ್ಸನ್ ಮೆಥನಾಲ್ ಕಾರಿನಲ್ಲಿ ನಾಲ್ಕು ಸಲ ಚಾಂಪಿಯನ್ ಆಗಿ ಟಾಪ್ ಫ್ಯೂಯಲ್‌ಗೆ ಬಂದವರು. 1996ರಲ್ಲಿ ಇದೇ ಇಂಡಿಯಾನಾಪೊಲಿಸ್‌ನಲ್ಲಿ ಅವರನ್ನು ಕಳೆದುಕೊಂಡೆವು. ಆ್ಯಶ್ಲಿ ಫೋರ್ಸ್ ಎ/ಫ್ಯೂಯಲ್ ಕಾರಿನಲ್ಲಿ ನೈಟ್ರೋದ ರುಚಿ ಕಲಿತು, 2008ರಲ್ಲಿ ಅಟ್ಲಾಂಟಾದಲ್ಲಿ ಫನ್ನಿ ಕಾರ್ ಗೆದ್ದ ಮೊದಲ ಹೆಣ್ಣುಮಗಳಾದರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಅವರಪ್ಪ ಜಾನ್ ಫೋರ್ಸ್. ತಂಗಿ ಬ್ರಿಟನಿ ಇದೇ ಕ್ಲಾಸಿನಿಂದ ಬಂದು 2017ರಲ್ಲಿ, 2022ರಲ್ಲಿ ಟಾಪ್ ಫ್ಯೂಯಲ್ ಚಾಂಪಿಯನ್ ಆದರು. ಎರಡು ಲೇನಿನಲ್ಲಿ ಒಂದನ್ನು ನಿಯಮದಿಂದ ಒಣಗಿಸಿದರೆ, ಮುಂದೆ ಬರಬೇಕಾದವರಲ್ಲಿ ಅರ್ಧ ಮಂದಿ ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಯಜಮಾನರ ಮಗಳ ಮುಖ ನನ್ನ ಕಣ್ಣ ಮುಂದೆ ಬರುತ್ತದೆ.

ನಾನು ಈ ಆಟಕ್ಕೆ ಹೊರಗಿನಿಂದ ಬಂದವನು. ಮೊದಲ ಸಲ ಟಾಪ್ ಫ್ಯೂಯಲ್ ಕಾರು ಹೊರಟಾಗ ಕಿವಿ ಮುಚ್ಚಿಕೊಂಡಿದ್ದೆ, ಆದರೂ ಸದ್ದು ಕಾಲಿನಿಂದ ಹತ್ತಿ ಎದೆಗೆ ಬಂದಿತ್ತು. ಕಣ್ಣಲ್ಲಿ ನೀರು ಬಂತು. ಅದು ನೈಟ್ರೋ ಹೊಗೆಗೋ, ಸಂತೋಷಕ್ಕೋ ಇವತ್ತಿಗೂ ಗೊತ್ತಿಲ್ಲ. ಟಿಕೆಟ್ ಕೊಂಡವರನ್ನೆಲ್ಲ ಪಿಟ್ ಒಳಗೆ ಬಿಡುವ ಇಷ್ಟು ದೊಡ್ಡ ಆಟ ನನಗೆ ಇನ್ನೊಂದು ಕಂಡಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎಂಜಿನ್ ಬಿಚ್ಚುವುದನ್ನು ನೋಡಲು ಬಿಟ್ಟದ್ದಕ್ಕೇ ನನಗೆ ಈ ಕೆಲಸ ಹಿಡಿಸಿತು. ನಿಯಮ ಬರೆಯುವ ಕೋಣೆಗೂ ಅಂಥದ್ದೇ ಒಂದು ಬಾಗಿಲು ಇಡಿ ಅಂತ ಕೇಳುತ್ತಿದ್ದೇನೆ.

ಮುಂದಿನ ಲೇಬರ್ ಡೇಗೆ ನಾವು ಇಂಡಿಯಾನಾಪೊಲಿಸ್‌ಗೆ ಬರುತ್ತೇವೆ. ಸಣ್ಣ ಬಿಳಿ ಟ್ರೇಲರ್, ಪಕ್ಕದಲ್ಲಿ ನೀಲಿ ತಾಡಪಾಲು. ಮೊದಲ ಸುತ್ತು ಮುಗಿದ ಅರ್ಧ ಗಂಟೆಗೆ ನಾನು ಬಿಳಿ ಬಟ್ಟೆ ಹಾಸಿ ಬೇರಿಂಗ್‌ಗಳನ್ನು 1ರಿಂದ 8ರವರೆಗೆ ಇಟ್ಟಿರುತ್ತೇನೆ. ನಿಮ್ಮಲ್ಲಿ ಯಾರಿಗೆ ಸಾಧ್ಯವೋ ಅವರು ದಯವಿಟ್ಟು ಬನ್ನಿ. ಆ ಟೆಸ್ಟ್ ದಿನದ ಐದು ಬೇರಿಂಗ್ ಮತ್ತು ಆ ಪಿಸ್ಟನ್ ನನ್ನ ಟೂಲ್ ಬಾಕ್ಸಿನ ಕೆಳಗಿನ ಖಾನೆಯಲ್ಲಿವೆ. ಹೊಸದರ ಪಕ್ಕ ಅವನ್ನೂ ಇಟ್ಟು ತೋರಿಸುತ್ತೇನೆ.

ಇಂತಿ,
ಇಂಡಿಯಾನಾದಿಂದ ಒಬ್ಬ ಕರಾವಳಿ ಕನ್ನಡಿಗ